ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗೆ ಟಿಲ್ಟ್-ಶಿಫ್ಟ್ ಅಡಾಪ್ಟರ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ, ಬಳಸುವ ಕ್ರಮ

ಟಿಲ್ಟ್-ಶಿಫ್ಟ್ ಅಡಾಪ್ಟರ್ ಲೆನ್ಸಿಗೂ ಕ್ಯಾಮೆರಾ ಬಾಡಿಗೂ ನಡುವೆ ಕೂರುವ ಲೋಹದ ಭಾಗ. ಹೆಚ್ಚಿನವುಗಳಲ್ಲಿ ಗಾಜು ಇರುವುದಿಲ್ಲ. ಲೆನ್ಸನ್ನು ಸೆನ್ಸರಿಗೆ ಸಮಾನಾಂತರವಾಗಿ ಪಕ್ಕಕ್ಕೆ ಅಥವಾ ಮೇಲೆ ಕೆಳಗೆ ಜರುಗಿಸಿದರೆ ಅದು ಶಿಫ್ಟ್. ಲೆನ್ಸನ್ನೇ ಬಾಗಿಸಿದರೆ ಟಿಲ್ಟ್. ಶಿಫ್ಟ್ ಕಟ್ಟಡದ ಗೆರೆಗಳನ್ನು ನೆಟ್ಟಗೆ ಇಡುತ್ತದೆ. ಟಿಲ್ಟ್ ಫೋಕಸ್ ಆಗುವ ಸಮತಲವನ್ನು ನಮಗೆ ಬೇಕಾದ ಕಡೆ ಮಲಗಿಸುತ್ತದೆ. ಕೆಲಸ ಇಷ್ಟೇ ಆದರೂ ಈ ಅಡಾಪ್ಟರುಗಳನ್ನು ಕೊಂಡವರಲ್ಲಿ ಅನೇಕರು ನಿರಾಶರಾಗಲು ಎರಡು ಕಾರಣಗಳಿವೆ: ಯಾವ ಲೆನ್ಸಿಗೆ ಎಷ್ಟು ಜರುಗಾಟ ಸಿಗುತ್ತದೆಂದು ಮೊದಲೇ ಲೆಕ್ಕ ಹಾಕಿರುವುದಿಲ್ಲ, ಟಿಲ್ಟ್ ಅಗತ್ಯಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಕೊಟ್ಟಿರುತ್ತಾರೆ. ಎರಡಕ್ಕೂ ಪರಿಹಾರ ಕಾಗದದ ಮೇಲೆ ಐದು ನಿಮಿಷದ ಲೆಕ್ಕದಲ್ಲಿದೆ.

ಮೊದಲ ಲೆಕ್ಕ: ಜಾಗ ಇದೆಯೇ?

ಪ್ರತಿ ಮೌಂಟಿಗೂ ಒಂದು ಫ್ಲ್ಯಾಂಜ್ ದೂರವಿರುತ್ತದೆ. ಅಂದರೆ ಲೆನ್ಸ್ ಕೂರುವ ಲೋಹದ ಅಂಚಿನಿಂದ ಸೆನ್ಸರ್ ಅಥವಾ ಫಿಲ್ಮಿನವರೆಗಿನ ಅಂತರ. ಲೆನ್ಸಿನ ಫ್ಲ್ಯಾಂಜ್ ದೂರದಿಂದ ಬಾಡಿಯ ಫ್ಲ್ಯಾಂಜ್ ದೂರವನ್ನು ಕಳೆದರೆ ಉಳಿಯುವುದೇ ಅಡಾಪ್ಟರಿನ ದಪ್ಪ. ಜಾರುವ ತಟ್ಟೆ, ಬಾಗುವ ಕೀಲು, ಬಿಗಿಯುವ ಸ್ಕ್ರೂ ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕು.

ಫ್ಯೂಜಿಫಿಲ್ಮಿನ ಡಿಜಿಟಲ್ ಮೀಡಿಯಂ ಫಾರ್ಮ್ಯಾಟ್ (35 ಎಂಎಂ ಫ್ರೇಮಿಗಿಂತ ದೊಡ್ಡ ಸೆನ್ಸರಿನ) ಸರಣಿಯಾದ ಜಿಎಫ್‌ಎಕ್ಸ್ ಬಾಡಿಯದು 26.7 ಮಿ.ಮೀ. ಮಾಮಿಯಾ 645 (6×4.5 ಸೆಂ.ಮೀ. ಫಿಲ್ಮ್ ಫ್ರೇಮಿನ) ಲೆನ್ಸುಗಳದು 63.3, ಪೆಂಟ್ಯಾಕ್ಸ್ 645 ಲೆನ್ಸುಗಳದು 70.87, ಪೆಂಟಕಾನ್ ಸಿಕ್ಸ್ ಲೆನ್ಸುಗಳದು 74.1, ಹ್ಯಾಸಲ್‌ಬ್ಲಾಡ್ ವಿ ಲೆನ್ಸುಗಳದು 74.9 ಮಿ.ಮೀ. ಹಾಗಾಗಿ ಜಿಎಫ್‌ಎಕ್ಸ್ ಮೇಲೆ ಮಾಮಿಯಾ ಲೆನ್ಸಿಗೆ 36.6 ಮಿ.ಮೀ. ಜಾಗ ಸಿಗುತ್ತದೆ, ಹ್ಯಾಸಲ್‌ಬ್ಲಾಡ್ ವಿ ಲೆನ್ಸಿಗೆ 48.2. ಟಿಲ್ಟ್, ಶಿಫ್ಟ್ ಎರಡನ್ನೂ ಗಟ್ಟಿಮುಟ್ಟಾಗಿ ಕಟ್ಟಲು ಇದು ಧಾರಾಳ. ಅದೇ ಬಾಡಿಗೆ ಕ್ಯಾನನ್ ಇಎಫ್ ಲೆನ್ಸು ಹಾಕಹೊರಟರೆ 17.3 ಮಿ.ಮೀ. ಮಾತ್ರ ಉಳಿಯುತ್ತದೆ; ಜೊತೆಗೆ ಮಾಮೂಲಿ 35 ಎಂಎಂ ಫಾರ್ಮ್ಯಾಟಿನ ಲೆನ್ಸುಗಳ ಬಿಂಬವೃತ್ತ (ಲೆನ್ಸು ಬೀಳಿಸುವ ದುಂಡನೆಯ ಬಿಂಬ) ಈ ಸೆನ್ಸರನ್ನು ತುಂಬುವುದೇ ಕಷ್ಟ.

ಫಿಲ್ಮ್ ಎಸ್‌ಎಲ್‌ಆರ್ ಬಾಡಿಗಳಲ್ಲಿ ಕನ್ನಡಿ ಇರುವುದರಿಂದ ಜಾಗ ಬಹಳ ಕಡಿಮೆ. ಮಾಮಿಯಾ 645 ಬಾಡಿಗೆ ಪೆಂಟಕಾನ್ ಸಿಕ್ಸ್ ಲೆನ್ಸ್ ಹಾಕಿದರೆ ಅಡಾಪ್ಟರಿಗೆ 10.8 ಮಿ.ಮೀ. ಮಾತ್ರ ಇರುತ್ತದೆ. ಟಿಲ್ಟ್ ಮಾತ್ರ ಇರುವ ತೆಳು ಅಡಾಪ್ಟರ್ ಅಲ್ಲಿ ಹೊಂದುತ್ತದೆ. ಲೆನ್ಸಿನದು ಬಾಡಿಯದಕ್ಕಿಂತ ಕಡಿಮೆಯಿದ್ದರೆ, ಉದಾಹರಣೆಗೆ ಹ್ಯಾಸಲ್‌ಬ್ಲಾಡ್ ವಿ ಬಾಡಿಗೆ ಮಾಮಿಯಾ ಲೆನ್ಸ್ ಹಾಕಿದರೆ, ಗಾಜಿಲ್ಲದ ಅಡಾಪ್ಟರಿನಲ್ಲಿ ಅನಂತದ (ಬಹುದೂರದ ವಸ್ತುಗಳ) ಫೋಕಸ್ ಎಂದೂ ಸಿಗುವುದಿಲ್ಲ.

ಇದಕ್ಕೆ ಗಾಜಿನ ಮೂಲಕ ದಾರಿ ಮಾಡಿಕೊಟ್ಟದ್ದು ಹ್ಯಾಸಲ್‌ಬ್ಲಾಡ್ ಎಚ್ ಸರಣಿಯ ಟಿಲ್ಟ್-ಶಿಫ್ಟ್ ಅಡಾಪ್ಟರ್ ಎಚ್‌ಟಿಎಸ್ 1.5. ಒಳಗಿನ ಗಾಜುಗಳು ಬಿಂಬವನ್ನು ಒಂದೂವರೆ ಪಟ್ಟು ಹಿಗ್ಗಿಸುತ್ತವೆ. 10 ಡಿಗ್ರಿವರೆಗೆ ಟಿಲ್ಟ್, 18 ಮಿ.ಮೀ.ವರೆಗೆ ಶಿಫ್ಟ್ ಸಿಗುತ್ತದೆ. ಬೆಲೆಯಾಗಿ 80 ಎಂಎಂ ಲೆನ್ಸು 120 ಆಗುತ್ತದೆ, ಒಂದು ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಬೆಳಕು ಹೋಗುತ್ತದೆ.

ಎರಡನೇ ಲೆಕ್ಕ: ಬಿಂಬವೃತ್ತ

ಲೆನ್ಸು ಬೀಳಿಸುವ ಬಿಂಬ ದುಂಡಗಿರುತ್ತದೆ. ಶಿಫ್ಟ್ ಎಂದರೆ ಆ ವೃತ್ತದೊಳಗೆ ಸೆನ್ಸರ್ ಆಯತವನ್ನು ಓಡಾಡಿಸುವುದು. ಒಂದು ಮೂಲೆ ವೃತ್ತದ ಅಂಚು ಮುಟ್ಟಿತೆಂದರೆ ಆಟ ಮುಗಿಯಿತು. ಅಡಾಪ್ಟರಿನ ಮೇಲೆ 15 ಅಥವಾ 20 ಮಿ.ಮೀ. ಎಂದು ಅಚ್ಚು ಹಾಕಿರುವುದು ತಟ್ಟೆ ಎಷ್ಟು ಜಾರುತ್ತದೆ ಎಂಬ ಲೆಕ್ಕ. ಲೆನ್ಸು ಅಷ್ಟನ್ನು ಕೊಡುತ್ತದೆ ಎಂದಲ್ಲ.

ಲೆಕ್ಕ ಹೀಗೆ: ವೃತ್ತದ ತ್ರಿಜ್ಯದ ವರ್ಗದಿಂದ, ಶಿಫ್ಟ್ ಮಾಡದ ಬದಿಯ ಅರ್ಧದ ವರ್ಗವನ್ನು ಕಳೆಯಿರಿ. ಬಂದದ್ದರ ವರ್ಗಮೂಲದಿಂದ ಶಿಫ್ಟ್ ಮಾಡುವ ಬದಿಯ ಅರ್ಧವನ್ನು ಕಳೆಯಿರಿ. ಜಿಎಫ್‌ಎಕ್ಸ್ ಮತ್ತು ಹ್ಯಾಸಲ್‌ಬ್ಲಾಡ್ ಎಕ್ಸ್ ಸರಣಿಯ ಸೆನ್ಸರ್ 43.8 × 32.9 ಮಿ.ಮೀ. 645 ಫಿಲ್ಮಿಗೆಂದು ಮಾಡಿದ ಲೆನ್ಸು ಕನಿಷ್ಠ 70 ಮಿ.ಮೀ. ವ್ಯಾಸದ ವೃತ್ತ ಕೊಡಲೇಬೇಕು, ಏಕೆಂದರೆ ಆ ಫ್ರೇಮಿನ ಕರ್ಣವೇ ಅಷ್ಟಿದೆ. ತ್ರಿಜ್ಯ 35 ಇಟ್ಟು ಲೆಕ್ಕ ಮಾಡಿದರೆ ಸೆನ್ಸರಿನ ಉದ್ದ ಬದಿಯ ಕಡೆಗೆ 9 ಮಿ.ಮೀ., ಗಿಡ್ಡ ಬದಿಯ ಕಡೆಗೆ ಸುಮಾರು 10.8 ಮಿ.ಮೀ. ಸಿಗುತ್ತದೆ. 6×6 ಲೆನ್ಸಿನ (ಹ್ಯಾಸಲ್‌ಬ್ಲಾಡ್ ವಿ, ಪೆಂಟಕಾನ್ ಸಿಕ್ಸ್) ವೃತ್ತ 79 ಮಿ.ಮೀ. ಆದ್ದರಿಂದ ಅದೇ ಸೆನ್ಸರಿಗೆ 14 ಮತ್ತು 16.5 ಸಿಗುತ್ತದೆ. 6×7 ಲೆನ್ಸಿನಲ್ಲಿ 19 ದಾಟುತ್ತದೆ, ಆದರೆ ಆ ಲೆನ್ಸುಗಳ ತೂಕ ಅಡಾಪ್ಟರಿನ ಕೀಲಿಗೆ ಹೊರೆ.

ಫಿಲ್ಮ್ ಬಾಡಿಯಲ್ಲಿ ಚಿತ್ರ ಬೇರೆ. 645 ಫ್ರೇಮ್ 56 × 41.5 ಮಿ.ಮೀ. ಇರುವುದರಿಂದ 6×6 ಲೆನ್ಸೂ ಅದರ ಮೇಲೆ 6ರಿಂದ 7 ಮಿ.ಮೀ. ಅಷ್ಟೇ ಜರುಗಲು ಬಿಡುತ್ತದೆ. ಫಿಲ್ಮಿನಲ್ಲಿ ಈ ಅಡಾಪ್ಟರನ್ನು ಟಿಲ್ಟಿಗಾಗಿ ಕೊಳ್ಳಿ, ಶಿಫ್ಟನ್ನು ನೆಚ್ಚಿ ಕೊಳ್ಳಬೇಡಿ.

ಮೇಲಿನ ಅಂಕಿಗಳು ಕನಿಷ್ಠ ಮಟ್ಟದವು. ಎಷ್ಟೋ ಲೆನ್ಸುಗಳು ಇನ್ನೂ ಕೆಲವು ಮಿ.ಮೀ. ಬಿಡುತ್ತವೆ, ಆದರೆ ಅಂಚಿನ ಹರಿತ ಇಳಿದಿರುತ್ತದೆ. ಎಫ್/11ಕ್ಕೆ ಮುಚ್ಚಿ, ಚಪ್ಪಟೆ ಇಟ್ಟಿಗೆ ಗೋಡೆಯೊಂದನ್ನು 2 ಮಿ.ಮೀ. ಮೆಟ್ಟಿಲಲ್ಲಿ ಶಿಫ್ಟ್ ಮಾಡುತ್ತಾ ತೆಗೆದು, ಮೂಲೆ ಎಲ್ಲಿ ಕೈಕೊಡುತ್ತದೆಂದು ನೋಡಿ ಲೆನ್ಸಿನ ಮುಚ್ಚಳದ ಒಳಗೆ ಬರೆದಿಡಿ. ಕತ್ತಲೆ ನಿಧಾನವಾಗಿ ಕವಿದರೆ ಅದು ವೃತ್ತದ ಅಂಚು. ಚಾಕುವಿನಿಂದ ಕತ್ತರಿಸಿದಂತೆ ಕಪ್ಪಾದರೆ ಅಡಾಪ್ಟರಿನ ಕೊರಳೋ ಬಾಡಿಯ ಮೌಂಟೋ ಅಡ್ಡ ಬಂದಿದೆ. ಎರಡನೆಯದನ್ನು ಎಷ್ಟು ಅಪರ್ಚರ್ ಮುಚ್ಚಿದರೂ ಸರಿಪಡಿಸಲಾಗದು.

ಲೆನ್ಸಿನ ಆಯ್ಕೆ

ಅಪರ್ಚರನ್ನು ಲೆನ್ಸಿನಿಂದಲೇ ಮುಚ್ಚಲು ಬರಬೇಕು. ಇದು ಮೊದಲ ಷರತ್ತು. ಮಾಮಿಯಾ 645ರ ಮ್ಯಾನ್ಯುಯಲ್ ಲೆನ್ಸುಗಳಲ್ಲಿ ಎ–ಎಂ (ಆಟೋ–ಮ್ಯಾನ್ಯುಯಲ್) ಗುಬುಟು ಇರುತ್ತದೆ. ಎಂ ಕಡೆಗೆ ತಳ್ಳಿದರೆ ಅಪರ್ಚರ್ ನಿಜಕ್ಕೂ ಮುಚ್ಚುತ್ತದೆ. ಪೆಂಟ್ಯಾಕ್ಸ್ 645ರ ಎ ಮತ್ತು ಎಫ್‌ಎ ಲೆನ್ಸುಗಳಲ್ಲಿ ಅಪರ್ಚರ್ ರಿಂಗ್ ಇದೆ. ಕಾಂಟ್ಯಾಕ್ಸ್ 645ರ ಅಪರ್ಚರ್ ವಿದ್ಯುತ್ತಿನಿಂದ ನಡೆಯುವುದರಿಂದ ಬರಿ ಲೋಹದ ಅಡಾಪ್ಟರಿನಲ್ಲಿ ಅದು ತೆರೆದೇ ಉಳಿಯುತ್ತದೆ.

ಹೆಚ್ಚಿನ ಹ್ಯಾಸಲ್‌ಬ್ಲಾಡ್ ವಿ ಲೆನ್ಸುಗಳ ಒಳಗೇ ಶಟರ್ ಇರುತ್ತದೆ. ಬಾಡಿಯಿಂದ ತೆಗೆಯುವಾಗ ಅದು ಕಾಕ್ ಆಗಿರಬೇಕು (ಸ್ಪ್ರಿಂಗ್ ಬಿಗಿದು ಸಿದ್ಧವಾಗಿರಬೇಕು), ಆಗ ಮಾತ್ರ ಶಟರ್ ತೆರೆದಿರುತ್ತದೆ. ಪರದೆ ಪೂರ್ತಿ ಕಪ್ಪಾಗಿ ಕಂಡರೆ ಬಹುಪಾಲು ಇದೇ ಕಾರಣ; ಲೆನ್ಸನ್ನು ಅದರ ಸ್ವಂತ ಬಾಡಿಗೆ ಹಾಕಿ ವೈಂಡ್ ಮಾಡಿ ತೆಗೆಯಿರಿ. ಅಪರ್ಚರ್ ಮುಚ್ಚಲು ಪಕ್ಕದಲ್ಲಿರುವ ಡೆಪ್ತ್ ಆಫ್ ಫೀಲ್ಡ್ ಲಿವರನ್ನು ಒತ್ತಿರಿ. ಇದನ್ನು ಮರೆತು ಎಫ್/2.8ರಲ್ಲೇ ಇಡೀ ಕೆಲಸ ಮುಗಿಸಿಬಿಡುವ ಅಪಾಯವಿದೆ, ಯಾಕೆಂದರೆ ರಿಂಗ್ ಮಾತ್ರ ಎಫ್/11 ತೋರಿಸುತ್ತಿರುತ್ತದೆ.

ವೈಡ್ ಆ್ಯಂಗಲ್ ಬೇಕೆನ್ನುವವರಿಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಅಡಾಪ್ಟರ್ ಅಲ್ಲಿಗೆ ಸರಿಯಾದ ಸಾಧನವಲ್ಲ. ಹಳೆಯ ಮ್ಯಾನ್ಯುಯಲ್ 645 ಲೆನ್ಸುಗಳಲ್ಲಿ, ಫಿಶ್‌ಐ ಬಿಟ್ಟರೆ, 35 ಎಂಎಂ ಹತ್ತಿರವೇ ಕೊನೆ, ಜಿಎಫ್‌ಎಕ್ಸ್ ಮೇಲೆ ಅದು ಫುಲ್‌ಫ್ರೇಮಿನ 28 ಎಂಎಂನಷ್ಟು ನೋಟ ಕೊಡುತ್ತದೆ. ಇಕ್ಕಟ್ಟಾದ ಒಳಾಂಗಣ ತೆಗೆಯುವವರು ಫ್ಯೂಜಿಫಿಲ್ಮ್ 2023ರಲ್ಲಿ ಪ್ರಕಟಿಸಿದ ಜಿಎಫ್ 30 ಎಂಎಂ ಟಿ/ಎಸ್ ನೋಡುವುದು ಒಳ್ಳೆಯದು. ಅದರಲ್ಲಿ 15 ಮಿ.ಮೀ. ಶಿಫ್ಟ್, 8.5 ಡಿಗ್ರಿ ಟಿಲ್ಟ್ ಇದೆ. ಕ್ಯಾನನ್ ಟಿಎಸ್-ಇ 17 ಮತ್ತು 24ರ ಎರಡನೇ ಆವೃತ್ತಿಯ ಬಿಂಬವೃತ್ತ 67.2 ಮಿ.ಮೀ.; ವಿದ್ಯುತ್ ಸಂಪರ್ಕವಿರುವ ಅಡಾಪ್ಟರಿನ ಮೂಲಕ ಜಿಎಫ್‌ಎಕ್ಸ್ ಮೇಲೆ 7ರಿಂದ 9 ಮಿ.ಮೀ. ಶಿಫ್ಟ್ ಕೊಡುತ್ತವೆ. 45ರಿಂದ 150 ಎಂಎಂವರೆಗೆ ಮಾತ್ರ ಹಳೆಯ ಲೆನ್ಸು ಮತ್ತು ಅಡಾಪ್ಟರ್ ಜೋಡಿಗೆ ಸಾಟಿಯಿಲ್ಲ.

ಕ್ಯಾಮೆರಾ ಸೆಟ್ಟಿಂಗ್

ಜಿಎಫ್‌ಎಕ್ಸ್‌ನಲ್ಲಿ ‘ಶೂಟ್ ವಿದೌಟ್ ಲೆನ್ಸ್’ ಆನ್ ಮಾಡಿ, ಇಲ್ಲದಿದ್ದರೆ ಶಟರ್ ಬೀಳುವುದಿಲ್ಲ. ಮೌಂಟ್ ಅಡಾಪ್ಟರ್ ಸೆಟ್ಟಿಂಗಿನಲ್ಲಿ ಲೆನ್ಸಿನ ಫೋಕಲ್ ಲೆಂತ್ ತುಂಬಿ. ಟ್ರೈಪಾಡ್ ಮೇಲಿದ್ದಾಗ ಬಾಡಿಯೊಳಗಿನ ಸ್ಟೆಬಿಲೈಸೇಶನ್ ಆಫ್ ಇರಲಿ. ಹ್ಯಾಸಲ್‌ಬ್ಲಾಡ್ ಎಕ್ಸ್ ಬಾಡಿಗಳಲ್ಲಿ ಫೋಕಲ್ ಪ್ಲೇನ್ ಶಟರ್ ಇಲ್ಲ, ಹಾಗಾಗಿ ಪರಕೀಯ ಲೆನ್ಸಿನೊಂದಿಗೆ ಎಲೆಕ್ಟ್ರಾನಿಕ್ ಶಟರ್ ಮಾತ್ರ ಗತಿ. ಅದು ಸೆನ್ಸರನ್ನು ಸಾಲು ಸಾಲಾಗಿ ನಿಧಾನಕ್ಕೆ ಓದುವುದರಿಂದ ಅಲುಗುವ ಎಲೆ ಬಾಗಿ ಕಾಣುತ್ತದೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಪಟ್ಟೆ ಮೂಡುತ್ತದೆ. ನಿಶ್ಚಲ ವಸ್ತು, ಸ್ಥಿರ ಬೆಳಕು ಇದ್ದಲ್ಲಿ ತೊಂದರೆಯಿಲ್ಲ.

ಫಿಲ್ಮ್ ಬಾಡಿಯ ಒಳಗಿನ ಮೀಟರ್ ಟಿಲ್ಟ್ ಅಥವಾ ಶಿಫ್ಟ್ ಆದ ಮೇಲೆ ತಪ್ಪು ಹೇಳುತ್ತದೆ. ಎಲ್ಲವೂ ಸೊನ್ನೆಯಲ್ಲಿದ್ದಾಗಲೇ ಅಳೆದು, ಮ್ಯಾನ್ಯುಯಲಿನಲ್ಲಿ ಲಾಕ್ ಮಾಡಿಕೊಳ್ಳಿ.

ಶಿಫ್ಟ್ ಬಳಸುವುದು

ಕಟ್ಟಡ ತೆಗೆಯುವಾಗ ಸೆನ್ಸರ್ ನೆಟ್ಟಗೆ ನಿಂತಿರುವುದೇ ಮೂಲ. ಕ್ಯಾಮೆರಾದ ಎಲೆಕ್ಟ್ರಾನಿಕ್ ಲೆವೆಲ್ ಎರಡೂ ದಿಕ್ಕಿನಲ್ಲಿ ಸೊನ್ನೆ ತೋರಿಸಲಿ. ನಂತರ ಲೆನ್ಸನ್ನು ಮೇಲೇರಿಸಿ. 45 ಎಂಎಂ ಲೆನ್ಸಿನಲ್ಲಿ 10 ಮಿ.ಮೀ. ಏರಿಸಿದರೆ 20 ಮೀಟರ್ ದೂರದ ಗೋಡೆಯ ಮೇಲೆ ನೋಟದ ಮಧ್ಯಬಿಂದು ಸುಮಾರು 4.4 ಮೀಟರ್ ಮೇಲೆ ಹೋಗುತ್ತದೆ. ಕ್ಯಾಮೆರಾ ಅಡ್ಡ ಇದ್ದರೆ ಶಿಫ್ಟ್ ಗಿಡ್ಡ ಬದಿಯ ಕಡೆಗೆ, ನಿಲ್ಲಿಸಿದರೆ ಉದ್ದ ಬದಿಯ ಕಡೆಗೆ ಆಗುವುದರಿಂದ ಮೇಲೆ ಹಾಕಿದ ಎರಡು ಅಂಕಿಗಳಲ್ಲಿ ಸರಿಯಾದದ್ದನ್ನೇ ನೋಡಿ.

ಶಿಫ್ಟಿನಿಂದ ಚಿತ್ರಗಳನ್ನು ಹೊಲಿದು ದೊಡ್ಡ ಫೈಲ್ ಮಾಡುವುದು ಇನ್ನೊಂದು ಉಪಯೋಗ. ಗಿಡ್ಡ ಬದಿಯ ಕಡೆಗೆ 10 ಮಿ.ಮೀ. ಮೇಲೆ ಒಂದು, 10 ಕೆಳಗೆ ಒಂದು ತೆಗೆದರೆ 12.9 ಮಿ.ಮೀ. ಒಂದರ ಮೇಲೊಂದು ಬೀಳುತ್ತದೆ, ಹೊಲಿಯಲು ಬೇಕಾದಷ್ಟಾಯಿತು. 100 ಮೆಗಾಪಿಕ್ಸೆಲ್ ಬಾಡಿಯಲ್ಲಿ ಇದು ಸುಮಾರು 160 ಮೆಗಾಪಿಕ್ಸೆಲ್ ಆಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕ್ಯಾಮೆರಾ ಟ್ರೈಪಾಡಿಗೆ ಬಿಗಿದಿದ್ದರೆ ಶಿಫ್ಟ್ ಮಾಡಿದಾಗ ಜರುಗುವುದು ಲೆನ್ಸು, ಅಂದರೆ ನೋಡುವ ಬಿಂದುವೇ ಬದಲಾಗುತ್ತದೆ. ಒಟ್ಟು 20 ಮಿ.ಮೀ. ಜರುಗಾಟದಲ್ಲಿ 80 ಎಂಎಂ ಲೆನ್ಸಿಗೆ 1 ಮೀಟರ್ ದೂರದ ವಸ್ತು, ಬಹುದೂರದ ಹಿನ್ನೆಲೆಗೆ ಹೋಲಿಸಿದರೆ ಸೆನ್ಸರಿನ ಮೇಲೆ 1.6 ಮಿ.ಮೀ. ಸರಿದಿರುತ್ತದೆ. 100 ಮೆಗಾಪಿಕ್ಸೆಲ್ ಬಾಡಿಯಲ್ಲಿ ಅದು 400ಕ್ಕೂ ಹೆಚ್ಚು ಪಿಕ್ಸೆಲ್. ಯಾವ ತಂತ್ರಾಂಶವೂ ಅದನ್ನು ಮಚ್ಚೆಯಿಲ್ಲದೆ ಹೊಲಿಯಲಾರದು. 10 ಮೀಟರಿನಲ್ಲಿ 43 ಪಿಕ್ಸೆಲ್. ಆದ್ದರಿಂದ ಲೆನ್ಸಿನ ಬದಿಯಲ್ಲಿ ಟ್ರೈಪಾಡ್ ಕಾಲು ಇರುವ ಅಡಾಪ್ಟರನ್ನೇ ಆರಿಸಿ. ಆಗ ಲೆನ್ಸು ನಿಂತಲ್ಲೇ ನಿಂತು ಬಾಡಿ ಓಡಾಡುತ್ತದೆ, ಚಿತ್ರಗಳು ಸೊಗಸಾಗಿ ಕೂಡುತ್ತವೆ. ಕಾಲು ಇಲ್ಲದಿದ್ದರೆ, ಅಡ್ಡಲಾಗಿ ಶಿಫ್ಟ್ ಮಾಡುವಾಗ ಬಾಡಿಯನ್ನು ಫೋಕಸಿಂಗ್ ರೈಲಿನ ಮೇಲಿಟ್ಟು, ಲೆನ್ಸು ಎಡಕ್ಕೆ ಎಷ್ಟು ಹೋಯಿತೋ ಅಷ್ಟೇ ಬಾಡಿಯನ್ನು ಬಲಕ್ಕೆ ಸರಿಸಿ.

ಟಿಲ್ಟ್: ಎಷ್ಟು ಡಿಗ್ರಿ?

ಸೆನ್ಸರ್, ಲೆನ್ಸು, ಫೋಕಸ್ ಸಮತಲ ಈ ಮೂರೂ ಒಂದೇ ಗೆರೆಯಲ್ಲಿ ಸೇರುತ್ತವೆ ಎಂಬ ನಿಯಮ 1904ರಲ್ಲಿ ಪೇಟೆಂಟ್ ಪಡೆದ ಆಸ್ಟ್ರಿಯಾದ ಥಿಯೊಡೋರ್ ಶೈಮ್‌ಫ್ಲೂಗ್ ಹೆಸರಿನಲ್ಲಿದೆ. ಆದರೆ ಸ್ಥಳದಲ್ಲಿ ಕೆಲಸಕ್ಕೆ ಬರುವುದು ಅದರ ಜೊತೆಗಿನ ಇನ್ನೊಂದು ನಿಯಮ: ಫೋಕಸ್ ರಿಂಗ್ ತಿರುಗಿಸಿದಾಗ ಫೋಕಸ್ ಸಮತಲ ಲೆನ್ಸಿನ ಕೆಳಗಿರುವ ಒಂದು ಅದೃಶ್ಯ ಗೆರೆಯ ಸುತ್ತ ಬಾಗಿಲಿನಂತೆ ತಿರುಗುತ್ತದೆ. ಆ ಗೆರೆ ಲೆನ್ಸಿನಿಂದ ಎಷ್ಟು ಕೆಳಗಿದೆ ಎಂಬುದನ್ನು ಟಿಲ್ಟ್ ಕೋನ ಮಾತ್ರ ನಿರ್ಧರಿಸುತ್ತದೆ. ಫೋಕಲ್ ಲೆಂತನ್ನು ಟಿಲ್ಟ್ ಕೋನದ ಸೈನಿನಿಂದ ಭಾಗಿಸಿದರೆ ಆ ದೂರ ಬರುತ್ತದೆ.

ನೆನಪಿಡಲು ಸುಲಭವಾದ ರೂಪ: ಬೇಕಾದ ಡಿಗ್ರಿ = ಫೋಕಲ್ ಲೆಂತ್ ಮಿ.ಮೀ.ನಲ್ಲಿ ÷ (17.5 × ಗೆರೆಯ ಆಳ ಮೀಟರಿನಲ್ಲಿ).

ನೆಲವನ್ನು ಪೂರ್ತಿ ಫೋಕಸಿನಲ್ಲಿಡಬೇಕು, ಲೆನ್ಸು ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ, ಲೆನ್ಸು 80 ಎಂಎಂ ಎಂದಿಟ್ಟುಕೊಳ್ಳಿ. 80 ÷ 26.25, ಅಂದರೆ 3 ಡಿಗ್ರಿ. 45 ಎಂಎಂ ಆದರೆ 1.7 ಡಿಗ್ರಿ ಮಾತ್ರ. ಅದೇ 80 ಎಂಎಂ ಲೆನ್ಸನ್ನು ಅಡಾಪ್ಟರ್ ಬಿಡುತ್ತದೆಂದು 8 ಡಿಗ್ರಿ ಬಗ್ಗಿಸಿದರೆ ಗೆರೆ ಲೆನ್ಸಿನಿಂದ 57 ಸೆಂ.ಮೀ. ಕೆಳಗೆ ಬರುತ್ತದೆ. ಆಗ ಸಮತಲ ನೆಲದಿಂದ ಸುಮಾರು ಒಂದು ಮೀಟರ್ ಮೇಲೆ ಗಾಳಿಯಲ್ಲಿ ಮಲಗಿರುತ್ತದೆ. ಫೋಕಸ್ ರಿಂಗನ್ನು ಎಷ್ಟು ತಿರುಗಿಸಿದರೂ ಹತ್ತಿರದ ನೆಲ, ದೂರದ ನೆಲ ಒಟ್ಟಿಗೆ ಹರಿತವಾಗುವುದಿಲ್ಲ. ಟಿಲ್ಟ್ ಅಡಾಪ್ಟರ್ ಕೆಲಸ ಮಾಡುತ್ತಿಲ್ಲ ಎಂದು ದೂರುವವರು ಮೊದಲು ನೋಡಬೇಕಾದದ್ದು ಇದನ್ನೇ.

ಕ್ರಮ ಹೀಗಿರಲಿ:

1. ಟಿಲ್ಟ್, ಶಿಫ್ಟ್ ಎರಡೂ ಸೊನ್ನೆಯಲ್ಲಿರಲಿ. ಫ್ರೇಮ್ ಕಟ್ಟಿ, ಲೆವೆಲ್ ಮಾಡಿ.
2. ಲೆಕ್ಕದಲ್ಲಿ ಬಂದಷ್ಟು ಡಿಗ್ರಿ ಲೆನ್ಸಿನ ಮುಖವನ್ನು ಕೆಳಗೆ ಬಾಗಿಸಿ. ಸ್ಕ್ರೂವನ್ನು ಪೂರ್ತಿ ಅಲ್ಲ, ಅರ್ಧ ಬಿಗಿಯಿರಿ.
3. ಅಪರ್ಚರ್ ಪೂರ್ತಿ ತೆರೆದು, ಲೈವ್ ವ್ಯೂ ಹಿಗ್ಗಿಸಿ, ದೂರದ ನೆಲದ ಒಂದು ಬಿಂದುವಿಗೆ ಫೋಕಸ್ ಮಾಡಿ.
4. ಹಿಗ್ಗಿಸಿದ ಚೌಕವನ್ನು ಹತ್ತಿರದ ನೆಲಕ್ಕೆ ಒಯ್ಯಿರಿ. ಮಸುಕಾಗಿದ್ದರೆ ರಿಂಗನ್ನು ಸ್ವಲ್ಪ ತಿರುಗಿಸಿ ನೋಡಿ. ಹತ್ತಿರದ ಕಡೆಗೆ ತಿರುಗಿಸಿದಾಗ ಸರಿಯಾದರೆ ಟಿಲ್ಟ್ ಕಡಿಮೆಯಾಗಿದೆ, ದೂರದ ಕಡೆಗೆ ತಿರುಗಿಸಿದಾಗ ಸರಿಯಾದರೆ ಹೆಚ್ಚಾಗಿದೆ.
5. ಕಾಲು ಡಿಗ್ರಿಯಷ್ಟೇ ತಿದ್ದಿ, ಮತ್ತೆ ದೂರದಿಂದ ಶುರು ಮಾಡಿ. ಮೂರು ನಾಲ್ಕು ಸುತ್ತಿನಲ್ಲಿ ಎರಡೂ ಒಟ್ಟಿಗೆ ಕೂರುತ್ತವೆ.
6. ಸ್ಕ್ರೂ ಪೂರ್ತಿ ಬಿಗಿದು, ಬಿಗಿದ ಮೇಲೆ ಮತ್ತೊಮ್ಮೆ ನೋಡಿ. ಬಿಗಿಯುವಾಗಲೇ ಕೋನ ಜಾರುವುದು ಸಾಮಾನ್ಯ. ಆಮೇಲೆ ಅಪರ್ಚರ್ ಮುಚ್ಚಿ ತೆಗೆಯಿರಿ.

ಲೆನ್ಸಿನ ಮೇಲಿನ ದೂರದ ಅಂಕಿಗಳನ್ನು ಈ ಹೊತ್ತಿನಲ್ಲಿ ನಂಬಬೇಡಿ. ಟಿಲ್ಟ್ ಮಾಡಿದಾಗ ಸಮತಲ ಅನಂತದವರೆಗೆ ಮಲಗಿದ್ದರೂ ರಿಂಗ್ ಅನಂತದ ಗುರುತಿಗಿಂತ ಈಚೆಗೇ ನಿಲ್ಲುತ್ತದೆ.

ಟಿಲ್ಟ್ ಮಾಡಿದಾಗ ಫ್ರೇಮ್ ಕೂಡ ಜರುಗಿರುವುದು ಕಾಣುತ್ತದೆ. ಲೆನ್ಸಿಗೂ ಫಿಲ್ಮಿಗೂ ನಡುವೆ ಮಡಿಕೆ ಚೀಲವಿರುವ ವ್ಯೂ ಕ್ಯಾಮೆರಾಗಳಲ್ಲಿ ಲೆನ್ಸನ್ನು ಅದರ ಮಧ್ಯದ ಸುತ್ತ ಬಾಗಿಸಬಹುದು. ಅಡಾಪ್ಟರಿನ ಕೀಲು ಲೆನ್ಸಿನ ಹಿಂದೆ ಇರುತ್ತದೆ. ಹಾಗಾಗಿ ಬಾಗಿದ ಲೆನ್ಸು ಕೆಳಗೂ ಇಳಿಯುತ್ತದೆ, ಅಂದರೆ ಕೇಳದೆಯೇ ಸ್ವಲ್ಪ ಶಿಫ್ಟ್ ಆಗುತ್ತದೆ. ಕೀಲು ಸೆನ್ಸರಿನಿಂದ 40 ಮಿ.ಮೀ. ಮುಂದಿದ್ದು 80 ಎಂಎಂ ಲೆನ್ಸು 3 ಡಿಗ್ರಿ ಬಾಗಿದರೆ ಇಳಿತ ಸುಮಾರು 2 ಮಿ.ಮೀ. ಅಷ್ಟೇ ಮೇಲೆ ಶಿಫ್ಟ್ ಮಾಡಿದರೆ ಹಳೆಯ ಫ್ರೇಮ್ ವಾಪಸು ಬರುತ್ತದೆ. ಹಾಗೆ ಸರಿಪಡಿಸಿದ ಮೇಲೆ ಲೆನ್ಸಿನ ಅಕ್ಷ ಸೆನ್ಸರಿನ ಮಧ್ಯದಿಂದ 4 ಮಿ.ಮೀ.ನಷ್ಟು ದೂರ ಬಿದ್ದಿರುತ್ತದೆ. ಟಿಲ್ಟ್ ಕೂಡ ಬಿಂಬವೃತ್ತವನ್ನು ತಿನ್ನುತ್ತದೆ ಎಂಬುದನ್ನು ಹಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ: 645 ಲೆನ್ಸಿನ ಹತ್ತು ಮಿ.ಮೀ.ನಲ್ಲಿ ನಾಲ್ಕು ಹೀಗೇ ಹೋಯಿತು.

ಮರದ ತುದಿ ಯಾಕೆ ಮಸುಕಾಯಿತು?

ಟಿಲ್ಟ್ ಮಾಡಿದಾಗ ಹರಿತವಾಗಿರುವ ಜಾಗ ಬೆಣೆಯ ಆಕಾರದಲ್ಲಿರುತ್ತದೆ: ಕ್ಯಾಮೆರಾ ಬಳಿ ತೆಳು, ದೂರ ಹೋದಂತೆ ದಪ್ಪ. ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, ಎಫ್/11ರಲ್ಲಿ, 0.02 ಮಿ.ಮೀ. ಮಸುಕನ್ನು ಒಪ್ಪಿಕೊಂಡರೆ 80 ಎಂಎಂ ಲೆನ್ಸಿನ ಹೈಪರ್‌ಫೋಕಲ್ ದೂರ (ಟಿಲ್ಟ್ ಇಲ್ಲದೆ ಅಲ್ಲಿಗೆ ಫೋಕಸ್ ಮಾಡಿದರೆ ಅನಂತದವರೆಗೂ ಹರಿತ ಸಿಗುವ ದೂರ) 29 ಮೀಟರ್. ಅಷ್ಟು ದೂರದಲ್ಲಿ ಬೆಣೆ ನೆಲದಿಂದ 1.5 ಮೀಟರ್ ಎತ್ತರ ಮಾತ್ರ ಇರುತ್ತದೆ. 6 ಮೀಟರ್ ದೂರದಲ್ಲಿ 30 ಸೆಂ.ಮೀ., 3 ಮೀಟರಿನಲ್ಲಿ ಒಂದು ಗೇಣಿಗೂ ಕಡಿಮೆ. ಹತ್ತಿರದಲ್ಲಿ ಮೊಣಕಾಲುದ್ದದ ಗಿಡವಿದ್ದರೆ ಅದರ ತುದಿ ಹೋಯಿತು. 29 ಮೀಟರ್ ದೂರದ ಮರದ ಬುಡ ಮಾತ್ರ ಹರಿತ.

ಇದಕ್ಕೆ ಟಿಲ್ಟ್ ಹೆಚ್ಚಿಸುವುದು ತಪ್ಪು ದಾರಿ. ಸ್ವಲ್ಪ ಇಳಿಸಬೇಕು. 2.6 ಡಿಗ್ರಿಗೆ ತಂದರೆ ಗೆರೆ ನೆಲದೊಳಗೆ 26 ಸೆಂ.ಮೀ. ಇಳಿಯುತ್ತದೆ. ಈಗ ಕ್ಯಾಮೆರಾದಿಂದ 2 ಮೀಟರ್ ಮುಂದಿನ ನೆಲಕ್ಕೆ ಫೋಕಸ್ ಕೂರಿಸಿದರೆ ಸಮತಲ ಅಲ್ಲಿಂದ ಇಳಿಜಾರಾಗಿ ಏರುತ್ತಾ 29 ಮೀಟರಿನಲ್ಲಿ ಸುಮಾರು 3.5 ಮೀಟರ್ ಎತ್ತರ ಮುಟ್ಟುತ್ತದೆ. ಎಫ್/16ಕ್ಕೆ ಮುಚ್ಚಿದರೆ ಅಲ್ಲಿ ಒಂದು ಮೀಟರಿನಿಂದ ಆರು ಮೀಟರ್ ಎತ್ತರದವರೆಗೆ ಹರಿತ ಸಿಗುತ್ತದೆ, ಮರದ ಬುಡ ತುಸು ಮೆತ್ತಗಾಗುತ್ತದೆ. ಯಾವುದು ಮುಖ್ಯ ಎಂದು ನೀವೇ ತೀರ್ಮಾನಿಸಬೇಕು. ಎತ್ತರದ ಕಂಬ ಹತ್ತಿರದಲ್ಲೇ ನಿಂತಿದ್ದರೆ ಟಿಲ್ಟನ್ನು ಸೊನ್ನೆಗೆ ತಂದು ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿದ ಚಿತ್ರಗಳನ್ನು ಕೂಡಿಸುವುದು) ಮಾಡುವುದೇ ಸರಿ.

ಮೇಜಿನ ಮೇಲಿನ ವಸ್ತುಗಳಿಗೆ ಮಾತ್ರ ದೊಡ್ಡ ಕೋನಗಳು ಬೇಕಾಗುತ್ತವೆ. ಲೆನ್ಸು ಮೇಜಿನಿಂದ 60 ಸೆಂ.ಮೀ. ಮೇಲಿದ್ದರೆ 80 ಎಂಎಂಗೆ ಏಳೂವರೆ ಡಿಗ್ರಿ. ಆಟಿಕೆಯೂರಿನಂತೆ ಕಾಣುವ ಚಿತ್ರ ಬೇಕಿದ್ದರೆ ಎತ್ತರದಿಂದ ನೋಡುತ್ತಾ ಲೆನ್ಸನ್ನು ಮೇಲ್ಮುಖವಾಗಿ 6ರಿಂದ 8 ಡಿಗ್ರಿ ಬಾಗಿಸಿ, ಎಫ್/2.8ರಿಂದ 4ರಲ್ಲಿ ತೆಗೆಯಿರಿ.

ಕೈಕೊಡುವ ಸಂಗತಿಗಳು

ಭಾರದ ಲೆನ್ಸು ಕೀಲನ್ನು ನಿಧಾನವಾಗಿ ಜಗ್ಗುತ್ತದೆ. ಐದು ನಿಮಿಷ ಬಿಟ್ಟು ಮತ್ತೆ ಫೋಕಸ್ ನೋಡಿದರೆ ಗೊತ್ತಾಗುತ್ತದೆ. ಲೆನ್ಸಿನಡಿ ಆಸರೆ ಕೊಡಿ, ಅಥವಾ ಹಗುರವಾದ ಲೆನ್ಸು ಬಳಸಿ.

ಸೊನ್ನೆಯ ಗುರುತಿನಲ್ಲೂ ಒಂದು ಬದಿ ಮಸುಕಾಗಿದ್ದರೆ ಅಡಾಪ್ಟರಿನ ಸೊನ್ನೆ ನಿಜವಾದ ಸೊನ್ನೆಯಲ್ಲ. ಇಟ್ಟಿಗೆ ಗೋಡೆಯ ಎದುರು, ಅಪರ್ಚರ್ ತೆರೆದು ಪರೀಕ್ಷಿಸಿ, ಸರಿಯಾದ ಜಾಗಕ್ಕೆ ಸಣ್ಣ ಗೀರು ಹಾಕಿಕೊಳ್ಳಿ.

ಚಿತ್ರದ ಮಧ್ಯೆ ಮಂಜು ಕವಿದಂತೆ ಕಂಡರೆ ಅಡಾಪ್ಟರಿನ ಒಳಗೋಡೆ ಹೊಳೆಯುತ್ತಿದೆ. ಸೆನ್ಸರಿಗಿಂತ ದೊಡ್ಡ ವೃತ್ತ ಬೀಳುವುದರಿಂದ ಹೆಚ್ಚುವರಿ ಬೆಳಕೆಲ್ಲ ಆ ಗೋಡೆಗೇ ಬಡಿಯುತ್ತದೆ. ಟೆಲಿಸ್ಕೋಪ್ ಕೊಳವೆಗೆ ಅಂಟಿಸುವಂಥ ಕಪ್ಪು ಮಖಮಲ್ ಹಾಳೆಯನ್ನು ಒಳಗೆ ಅಂಟಿಸಿ, ಆದರೆ ಜಾರುವ ಭಾಗಕ್ಕೆ ತಾಗದಂತೆ ನೋಡಿಕೊಳ್ಳಿ. ಉದ್ದ ಎಕ್ಸ್‌ಪೋಶರಿನಲ್ಲಿ ಒಂದು ಅಂಚಿನಲ್ಲಿ ಬೆಳಕಿನ ಗೆರೆ ಬಂದರೆ ತಟ್ಟೆಗಳ ಸಂದಿಯಿಂದ ಬೆಳಕು ಸೋರುತ್ತಿದೆ. ಕಪ್ಪು ಬಟ್ಟೆ ಸುತ್ತಿ.

ಶಿಫ್ಟ್ ಮಾಡಿದ ಚಿತ್ರದಲ್ಲಿ ಒಂದು ಬದಿ ಹೆಚ್ಚು ಕಪ್ಪಾಗಿ, ಕೆಲವೊಮ್ಮೆ ಬಣ್ಣ ತಿರುಗಿ ಬರುತ್ತದೆ. ತಂತ್ರಾಂಶದ ಸಿದ್ಧ ಲೆನ್ಸ್ ಪ್ರೊಫೈಲ್ ಇಲ್ಲಿ ಉಪಯೋಗಕ್ಕಿಲ್ಲ, ಅದು ವೃತ್ತದ ಮಧ್ಯ ಸೆನ್ಸರಿನ ಮಧ್ಯದಲ್ಲೇ ಇದೆ ಎಂದುಕೊಂಡಿರುತ್ತದೆ. ಪ್ರತಿ ಚಿತ್ರವಾದ ಮೇಲೆ ಟಿಲ್ಟ್, ಶಿಫ್ಟ್, ಅಪರ್ಚರ್, ಫೋಕಸ್ ಯಾವುದನ್ನೂ ಮುಟ್ಟದೆ, ಲೆನ್ಸಿನ ಮುಂದೆ 2–3 ಮಿ.ಮೀ. ದಪ್ಪದ ಹಾಲುಬಿಳಿ ಅಕ್ರಿಲಿಕ್ ಹಾಳೆ ಹಿಡಿದು ಇನ್ನೊಂದು ಚಿತ್ರ ತೆಗೆಯಿರಿ. ಹಾಳೆ ಲೆನ್ಸಿಗೆ ತಾಗಿಕೊಂಡಿರಲಿ, ಎಕ್ಸ್‌ಪೋಶರ್ ಮಧ್ಯಮ ಬೂದು ಬರುವಷ್ಟು ಹೆಚ್ಚಿಸಿ. ಕ್ಯಾಪ್ಚರ್ ಒನ್‌ನಲ್ಲಿ ಎಲ್‌ಸಿಸಿ, ಲೈಟ್‌ರೂಮಿನಲ್ಲಿ ಫ್ಲ್ಯಾಟ್ ಫೀಲ್ಡ್ ಕರೆಕ್ಷನ್ ಈ ಎರಡನೇ ಚಿತ್ರವನ್ನು ಬಳಸಿ ಮೊದಲನೆಯದನ್ನು ಸಮ ಮಾಡುತ್ತವೆ. ಹೊಲಿಯುವ ಚಿತ್ರಗಳಿದ್ದರೆ ಪ್ರತಿ ಸ್ಥಾನಕ್ಕೂ ಬೇರೆ ಬೇರೆ ಹಾಳೆಚಿತ್ರ ಬೇಕು, ಸರಿಪಡಿಸಿದ ನಂತರವೇ ಹೊಲಿಯಬೇಕು.